ಐನೂರು ಮೀಟರಿನ ಕಥೆ

2017ರ ಜುಲೈ 1, ಶನಿವಾರ. ಹಿಂದಿನ ನಡುರಾತ್ರಿ ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಜಿಎಸ್‌ಟಿ ಉದ್ಘಾಟನೆ ಆಗಿತ್ತು. ನಾವೆಲ್ಲಾ ಸ್ಟುಡಿಯೋದಲ್ಲಿ ಸೋಪಿಗೆಷ್ಟು ಪರ್ಸೆಂಟು, ಸಿಮೆಂಟಿಗೆಷ್ಟು ಪರ್ಸೆಂಟು ಅಂತ ಪಟ್ಟಿ ಓದುತ್ತಾ ಕೂತಿದ್ದೆವು. ಅದೇ ಹೊತ್ತಿಗೆ, ನಮ್ಮ ಮೂಗಿನ ಕೆಳಗೇ, ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್‌ಗಳಲ್ಲಿ ಪಬ್ಬುಗಳ ಶಟರ್ ಕೆಳಗಿಳಿದಿತ್ತು. ಪಬ್ ಸಿಟಿ ಅಂತ ದೇಶವೇ ಕರೆಯುತ್ತಿದ್ದ ಊರಿನ ನಡುಮಧ್ಯದಲ್ಲಿ ಒಂದು ಬಿಯರ್ ಸಿಗದ ಸ್ಥಿತಿ!

ಯಾಕೆ? ರೇಡ್ ಆಯ್ತಾ? ಗಲಾಟೆ ಆಯ್ತಾ? ಏನೂ ಇಲ್ಲ. ಕರ್ನಾಟಕದಲ್ಲಿ ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ಲೈಸೆನ್ಸ್ ನವೀಕರಣ ಆಗಬೇಕಿತ್ತು, ಆಗಲಿಲ್ಲ. ಕಾರಣ, ಕಾಗದದ ಮೇಲೆ ಅವು ಹೆದ್ದಾರಿ ಪಕ್ಕದಲ್ಲಿದ್ದವು. ಎಂ.ಜಿ. ರಸ್ತೆ ಹೆದ್ದಾರಿ ಅಂತ ಅಲ್ಲಿ ಓಡಾಡುವ ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ?

ಈ ಕಥೆ ಶುರುವಾಗಿದ್ದು ಬೆಂಗಳೂರಿನಲ್ಲಿ ಅಲ್ಲ, ಚಂಡೀಗಢದಲ್ಲಿ. ಹರ್ಮನ್ ಸಿಂಗ್ ಸಿಧು ಅಂತ ಒಬ್ಬರು. 1996ರಲ್ಲಿ ಹಿಮಾಚಲದ ಬೆಟ್ಟದ ದಾರಿಯಲ್ಲಿ ಅವರು ಕೂತಿದ್ದ ಕಾರು ಕಂದಕಕ್ಕೆ ಬಿತ್ತು. ಬೆನ್ನುಹುರಿಗೆ ಪೆಟ್ಟು. ಅಲ್ಲಿಂದ ಮುಂದೆ ಬದುಕು ಗಾಲಿಕುರ್ಚಿಯ ಮೇಲೆ. ಬೇರೆ ಯಾರಾದರೂ ಆಗಿದ್ದರೆ ವಿಧಿ ಅಂತ ಸುಮ್ಮನಾಗುತ್ತಿದ್ದರೋ ಏನೋ. ಇವರು ಅರೈವ್ ಸೇಫ್ ಅನ್ನುವ ಸಂಸ್ಥೆ ಕಟ್ಟಿದರು, ರಸ್ತೆ ಸುರಕ್ಷತೆಯ ಬೆನ್ನು ಬಿದ್ದರು. ಪಾಣಿಪತ್‌ನಿಂದ ಜಲಂಧರ್‌ವರೆಗಿನ 291 ಕಿಲೋಮೀಟರ್ ಹೆದ್ದಾರಿಯಲ್ಲಿ 185 ಮದ್ಯದಂಗಡಿಗಳಿವೆ ಅನ್ನುವ ಲೆಕ್ಕ ಹೊರಗೆ ತಂದರು. ಅಂದರೆ ಸುಮಾರು ಒಂದೂವರೆ ಕಿಲೋಮೀಟರಿಗೆ ಒಂದು ಅಂಗಡಿ. ಪೆಟ್ರೋಲ್ ಬಂಕೂ ಇಷ್ಟು ಹತ್ತಿರ ಹತ್ತಿರ ಇರಲ್ಲ ಸ್ವಾಮಿ!

ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋದರು. ಆ ಕಡೆ ತಮಿಳುನಾಡಿನಲ್ಲಿ ಕೆ. ಬಾಲು ಎಂಬ ವಕೀಲರದ್ದೂ ಇಂಥದ್ದೇ ಹೋರಾಟ. ಎರಡೂ ಸುಪ್ರೀಂ ಕೋರ್ಟಿನಲ್ಲಿ ಒಂದಾದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೆದ್ದಾರಿ ಪಕ್ಕ ಮದ್ಯದಂಗಡಿ ಬೇಡ ಅನ್ನುವುದು ಕೋರ್ಟಿಗೆ ಹೊಳೆದ ಹೊಸ ಐಡಿಯಾ ಅಲ್ಲವೇ ಅಲ್ಲ. 2004ರ ಜನವರಿಯಲ್ಲೇ ರಾಷ್ಟ್ರೀಯ ರಸ್ತೆ ಸುರಕ್ಷತಾ ಮಂಡಳಿ ಇದನ್ನು ಒಪ್ಪಿತ್ತು. ಕೇಂದ್ರದ ಹೆದ್ದಾರಿ ಸಚಿವಾಲಯ 2007ರಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. 2011ರಲ್ಲಿ ಮತ್ತೆ ಕಳಿಸಿತು. 2013ರಲ್ಲಿ ಮತ್ತೆ. ರಾಜ್ಯಗಳು ಏನು ಮಾಡಿದವು? ಫೈಲಿಗೆ ಹಾಕಿಟ್ಟವು. ಜಿಎಸ್‌ಟಿಯಲ್ಲಿ ಸೋಪು, ಸಿಮೆಂಟು ಎಲ್ಲಾ ಬಂತು, ಕುಡಿಯುವ ಮದ್ಯ ಮಾತ್ರ ಬರಲಿಲ್ಲ, ಗಮನಿಸಿದ್ದೀರಾ? ಯಾವ ರಾಜ್ಯವೂ ಆ ಕೀಲಿಕೈಯನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಸಂಬಳ, ಪಿಂಚಣಿ, ಭಾಗ್ಯ, ಯೋಜನೆ ಎಲ್ಲದಕ್ಕೂ ಆ ಬಾಟಲಿಯಿಂದಲೇ ಒಂದು ಪಾಲು ಬರಬೇಕು.

ಇತ್ತ 2015ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,46,133 ಮಂದಿ. ಇದು ಸರ್ಕಾರದ್ದೇ ಲೆಕ್ಕ.

2016ರ ಡಿಸೆಂಬರ್ 15. ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರ ಪೀಠದಿಂದ ತೀರ್ಪು ಬಂತು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಎರಡರ ಅಂಚಿನಿಂದಲೂ 500 ಮೀಟರ್ ಒಳಗೆ ಮದ್ಯ ಮಾರುವ ಹಾಗಿಲ್ಲ. ಹೆದ್ದಾರಿಯಿಂದ ಅಂಗಡಿ ಕಾಣಕೂಡದು, ಬೋರ್ಡು ಕೂಡ ಇರಕೂಡದು. ಹೊಸ ಲೈಸೆನ್ಸ್ ಇಲ್ಲ, ಹಳೆಯದು ಏಪ್ರಿಲ್ 1ರ ನಂತರ ಇಲ್ಲ.

ಶುರುವಾಯ್ತು ನೋಡಿ ಸರ್ಕಸ್ಸು! ಅಂಗಡಿ ಅಂದರೆ ಬರೀ ಬಾಟಲಿ ಮಾರುವ ಅಂಗಡಿ, ಬಾರು ರೆಸ್ಟೋರೆಂಟು ಇದರಲ್ಲಿ ಬರಲ್ಲ ಅಂತ ಒಂದು ವಾದ ಹುಟ್ಟಿತು. 2017ರ ಮಾರ್ಚ್ 31ರಂದು ಕೋರ್ಟು ಸ್ಪಷ್ಟ ಮಾಡಿತು, ಬಾರು, ಪಬ್ಬು, ಹೋಟೆಲ್ಲು ಎಲ್ಲವೂ ಬರುತ್ತವೆ ಅಂತ. ಸಿಕ್ಕಿಂ, ಮೇಘಾಲಯದಂಥ ಬೆಟ್ಟದ ರಾಜ್ಯಗಳಿಗೆ ವಿನಾಯಿತಿ ಸಿಕ್ಕಿತು. ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ 500 ಮೀಟರ್ ಬದಲು 220 ಮೀಟರ್ ಸಾಕು ಅಂತಾಯ್ತು.

ಈ 220, ಈ 20 ಸಾವಿರ, ಎರಡೂ ನಮಗೆ ಹಳೇ ನೆಂಟರು. ಕರ್ನಾಟಕ ಅಬಕಾರಿ ಕಾಯ್ದೆ 1965ರದ್ದು, ಲೈಸೆನ್ಸಿನ ಸಾಮಾನ್ಯ ಷರತ್ತುಗಳ ನಿಯಮ 1967ರದ್ದು. ಅದರ ಐದನೇ ನಿಯಮ ತೆಗೆದು ನೋಡಿ. ದೇವಸ್ಥಾನ, ಶಾಲೆ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಅಂಗಡಿ ಬೇಡ. ಹೆದ್ದಾರಿಯ ಮಧ್ಯದಿಂದ 220 ಮೀಟರ್ ಒಳಗೆ ಬೇಡ. ಆದರೆ ನಗರಸಭೆ, ಪಾಲಿಕೆ, ಇಪ್ಪತ್ತು ಸಾವಿರ ಮೀರಿದ ಊರಿನೊಳಗೆ ಹಾದುಹೋಗುವ ಹೆದ್ದಾರಿಯನ್ನು ಈ ಲೆಕ್ಕಕ್ಕೆ ಹೆದ್ದಾರಿ ಅನ್ನುವಂತಿಲ್ಲ. ಎಂ.ಜಿ. ರಸ್ತೆ ಇಷ್ಟು ವರ್ಷ ಬಚಾವಾಗಿದ್ದು ಈ ಸಾಲಿನಿಂದಲೇ. ಇನ್ನೊಂದು ಸೊಗಸಿದೆ. ಶಾಲೆಯಿಂದ 100 ಮೀಟರ್ ಅಂದರೆ ಹಕ್ಕಿ ಹಾರುವ ದೂರ ಅಲ್ಲ, ಪಾದಚಾರಿ ನಡೆದು ಹೋಗುವ ದಾರಿಯ ದೂರ. ಅಂಗಡಿ ಬಾಗಿಲಿನ ಮಧ್ಯದಿಂದ ಶಾಲೆಯ ಗೇಟಿನ ಮಧ್ಯಕ್ಕೆ. ಹಾಗಾಗಿ ಯಾರಾದರೂ ಬಾಗಿಲನ್ನು ಈ ಬದಿಯಿಂದ ಆ ಬದಿಗೆ ತಿರುಗಿಸಿದರೂ ಶಾಲೆ ದೂರ ಆಗಿಬಿಡುತ್ತದೆ! ಮಗುವಿನ ಕಣ್ಣಿಗೆ ಬೋರ್ಡು ಅಲ್ಲೇ ಕಾಣುತ್ತಿರುತ್ತದೆ, ಅದು ಬೇರೆ ಮಾತು.

ಇದನ್ನು ಕೇರಳದ ಉತ್ತರ ಪರವೂರಿನ ಒಂದು ಬಾರ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ಹೆದ್ದಾರಿ ಹತ್ತಿರವೇ ಇತ್ತು. ಅವರು ಅಂಗಡಿಯನ್ನು ಕದಲಿಸಲಿಲ್ಲ. ಮುಂದಿನ ಖಾಲಿ ಜಾಗದಲ್ಲಿ ಹಾವಿನ ಹಾಗೆ ಅಂಕುಡೊಂಕಾಗಿ ಸುಮಾರು 250 ಮೀಟರ್ ಗೋಡೆದಾರಿ ಕಟ್ಟಿದರು. ಗಿರಾಕಿ ಸುತ್ತಿ ಸುತ್ತಿ ಒಳಗೆ ಹೋಗಬೇಕು, ನಡೆದ ದೂರ 500 ದಾಟಬೇಕು. ಆ ಫೋಟೋ ನೋಡಿ ದೇಶವೆಲ್ಲಾ ನಕ್ಕಿತು. ನಾವೂ ಬುಲೆಟಿನ್ ಕೊನೆಯಲ್ಲಿ ತಮಾಷೆ ಸುದ್ದಿ ಅಂತ ಹಾಕಿ ನಕ್ಕೆವು. ಆಮೇಲೆ ಅನ್ನಿಸಿತು, ಆ ಬಾರ್ ಮಾಲೀಕರು ಇಟ್ಟಿಗೆಯಲ್ಲಿ ಮಾಡಿದ್ದನ್ನೇ ಸರ್ಕಾರಗಳು ಶಾಯಿಯಲ್ಲಿ ಮಾಡುತ್ತಿದ್ದವು. ಚಂಡೀಗಢ ಆಡಳಿತ ತನ್ನ ರಸ್ತೆಗಳಿಗೆ ಜಿಲ್ಲಾ ಮುಖ್ಯ ರಸ್ತೆ ಅಂತ ಹೊಸ ಹೆಸರಿಟ್ಟಿತು. ಡಾಂಬರು ಅದೇ, ಲಾರಿ ಅದೇ, ತಿರುವು ಅದೇ. ಹೆದ್ದಾರಿ ಮಾತ್ರ ಮಾಯ! ಕರ್ನಾಟಕವೂ ಊರೊಳಗಿನ ಹೆದ್ದಾರಿಗಳನ್ನು ಡಿನೋಟಿಫೈ ಮಾಡಿ ಅಂತ ಕೇಂದ್ರಕ್ಕೆ ಬರೆಯಿತು.

ಶಾಯಿ ಓಡದ ಕಡೆ ಏನಾಯ್ತು? ಅಂಗಡಿಗಳು ಹೆದ್ದಾರಿಯಿಂದ ಎದ್ದು ಊರೊಳಗೆ ಬಂದವು. ತಮಿಳುನಾಡಿನಲ್ಲಿ ಹೆದ್ದಾರಿ ಬದಿಯ ಮೂರು ಸಾವಿರಕ್ಕೂ ಹೆಚ್ಚು ಸರ್ಕಾರಿ ಮದ್ಯದಂಗಡಿಗಳು ಮುಚ್ಚಬೇಕಾಯಿತು, ಅವಕ್ಕೆ ಹೊಸ ಜಾಗ ಬೇಕಿತ್ತು. ಜಾಗ ಎಲ್ಲಿ? ಮನೆಗಳ ನಡುವೆ. ತಿರುಪ್ಪೂರು ಜಿಲ್ಲೆಯ ಸಾಮಳಾಪುರಂನಲ್ಲಿ 2017ರ ಏಪ್ರಿಲ್‌ನಲ್ಲಿ ಹೆಂಗಸರು ಬೀದಿಗೆ ಬಂದರು, ನಮ್ಮ ಊರಿಗೆ ಈ ಅಂಗಡಿ ಬೇಡ ಅಂತ ಕೂತರು. ಒಬ್ಬ ಹಿರಿಯ ಪೊಲೀಸ್ ಅಧಿಕಾರಿ ಪ್ರತಿಭಟನೆಗೆ ಬಂದಿದ್ದ ಮಹಿಳೆಯ ಕೆನ್ನೆಗೆ ಹೊಡೆದದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಆ ದೃಶ್ಯವನ್ನು ನೋಡಿದವರಿಗೆ ಮರೆಯುವುದು ಕಷ್ಟ. ಹೆದ್ದಾರಿಯಲ್ಲಿ ಪ್ರಾಣ ಉಳಿಸಲಿಕ್ಕೆ ಬಂದ ಆದೇಶ, ಆ ಹೆಂಗಸಿನ ಮನೆ ಬಾಗಿಲಿಗೆ ಬಂದು ನಿಂತದ್ದು ಹೀಗೆ. ವರ್ಷಗಟ್ಟಲೆ ಸುತ್ತೋಲೆ ಫೈಲಿಗೆ ಹಾಕಿದವರ ಕೆನ್ನೆಗೆ ಏನೂ ಆಗಲಿಲ್ಲ.

ಬೆಂಗಳೂರಿಗೆ ವಾಪಸ್ ಬರೋಣ. ಇಲ್ಲಿ ಅಂಗಡಿ ಎತ್ತಿ ಇನ್ನೊಂದು ಕಡೆ ಇಡುವುದು ಸುಲಭ ಅಲ್ಲ, ಯಾಕೆಂದರೆ ಲೈಸೆನ್ಸ್ ಅನ್ನುವುದು ಜಾಗಕ್ಕೆ ಅಂಟಿಕೊಂಡಿರುತ್ತದೆ. ಬಾಟಲಿ ಮಾರುವವರಿಗೆ ಸಿಎಲ್-2, ಕ್ಲಬ್ಬಿಗೆ ಸಿಎಲ್-4, ವಸತಿ ಹೋಟೆಲಿಗೆ ಸಿಎಲ್-7, ಬಾರಿಗೆ ಸಿಎಲ್-9. ಬಾಗಿಲು, ಅಳತೆ, ನಕ್ಷೆ ಎಲ್ಲಾ ಫೈಲಿನಲ್ಲಿ. ಅದೂ 1992ರ ನಂತರ ಹೊಸದಾಗಿ ಸಿಎಲ್-2, ಸಿಎಲ್-9 ಕೊಡುವುದನ್ನೇ ರಾಜ್ಯ ನಿಲ್ಲಿಸಿತ್ತು. ಹಾಗಾಗಿ ಇದ್ದ ಲೈಸೆನ್ಸೇ ಚಿನ್ನ. ಕೋರ್ಟಿಗೆ ಹೋಗಿ ಇದು ನಮ್ಮ ಹಕ್ಕು ಅನ್ನೋಣ ಅಂದರೆ ಅದೂ ಇಲ್ಲ. ಮದ್ಯ ವ್ಯಾಪಾರ ಮೂಲಭೂತ ಹಕ್ಕಲ್ಲ ಅಂತ ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 1994ರಲ್ಲೇ ಸುಪ್ರೀಂ ಕೋರ್ಟು ಹೇಳಿಬಿಟ್ಟಿತ್ತು.

ಮಾಲೀಕರ ಪಾಡು ಬಿಡಿ, ಅವರು ಹೇಗೋ ತಡೆದುಕೊಳ್ಳುತ್ತಾರೆ. ಆ ವಾರ ಚರ್ಚ್ ಸ್ಟ್ರೀಟಿನಲ್ಲಿ ನನಗೆ ಒಬ್ಬ ಹುಡುಗ ಸಿಕ್ಕಿದ್ದ. ರಾಯಚೂರು ಕಡೆಯವನು, ಒಂದು ಪಬ್ಬಿನಲ್ಲಿ ಟೇಬಲ್ ನೋಡಿಕೊಳ್ಳುತ್ತಿದ್ದ. ಮುಚ್ಚಿದ ಶಟರ್ ಮುಂದೆ ಕೂತಿದ್ದ. ಸಂಬಳಕ್ಕಿಂತ ಟಿಪ್ಸೇ ಹೆಚ್ಚು ಸಾರ್, ಅದರಲ್ಲೇ ರೂಮ್ ಬಾಡಿಗೆ ಅಂದ. ಯಾವಾಗ ತೆಗೀತಾರೆ ಅಂತ ನನ್ನನ್ನೇ ಕೇಳಿದ. ಟಿವಿಯವರಿಗೆ ಎಲ್ಲಾ ಗೊತ್ತಿರುತ್ತೆ ಅಂತ ಅವನ ನಂಬಿಕೆ.

ಉತ್ತರ ಬಂದದ್ದು ಜುಲೈ 11ಕ್ಕೆ. ಚಂಡೀಗಢದ ಡಿನೋಟಿಫಿಕೇಶನ್ ಪ್ರಶ್ನಿಸಿ ಸಿಧು ಅವರ ಸಂಸ್ಥೆಯೇ ಹೋಗಿದ್ದ ಪ್ರಕರಣ ಅದು. ಊರಿನಿಂದ ಊರಿಗೆ ವೇಗವಾಗಿ ಹೋಗುವ ವಾಹನಗಳಿಗಾಗಿ ನಾವು ಆದೇಶ ಮಾಡಿದ್ದು, ಪುರಸಭೆ, ಪಾಲಿಕೆ ವ್ಯಾಪ್ತಿಯೊಳಗಿನ ಲೈಸೆನ್ಸುಗಳಿಗೆ ಅದು ಅಡ್ಡಿಯಲ್ಲ ಅಂತ ಕೋರ್ಟು ಹೇಳಿತು. ಎಂ.ಜಿ. ರಸ್ತೆಯ ಶಟರ್‌ಗಳು ಮೇಲೆದ್ದವು. 1967ರ ನಮ್ಮ ನಿಯಮದ ಸಾಲು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ಲವಾ? ಆಮೇಲೆ 2018ರ ಫೆಬ್ರವರಿಯಲ್ಲಿ ಇನ್ನೊಂದು ಆದೇಶ ಬಂತು. ಯಾವ ಪಂಚಾಯಿತಿ ಊರಿನ ಹಾಗೆ ಬೆಳೆದಿದೆ, ಯಾವುದು ಬೆಳೆದಿಲ್ಲ ಅನ್ನುವುದನ್ನು ರಾಜ್ಯಗಳೇ ತೀರ್ಮಾನಿಸಲಿ ಅಂತ. ಕೀಲಿಕೈ ತಿರುಗಿ ಅದೇ ಕೈಗೆ.

ಕುಡಿದು ಗಾಡಿ ಓಡಿಸುವವನನ್ನು ಹಿಡಿಯುವ ಕಾನೂನು ಬೇರೆಯೇ ಇದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಅದನ್ನು ಅಳೆಯಲಿಕ್ಕೆ ರಾತ್ರಿ ರಸ್ತೆಯಲ್ಲಿ ಪೊಲೀಸ್ ನಿಲ್ಲಬೇಕು, ಮಶೀನ್ ಬೇಕು. ಅಂಗಡಿಯ ದೂರ ಅಳೆಯಲಿಕ್ಕೆ ಟೇಪ್ ಸಾಕು.

ಮೊನ್ನೆ ತುಮಕೂರು ಕಡೆಯಿಂದ ಕಾರಿನಲ್ಲಿ ಬರುತ್ತಿದ್ದೆ. ಹೆದ್ದಾರಿಯಲ್ಲಿ ಒಂದು ಬಾರ್ ಬೋರ್ಡೂ ಕಾಣದ ಜಾಗ. ಒಂದು ಮಣ್ಣಿನ ಅಡ್ಡರಸ್ತೆಯ ಬಾಯಲ್ಲಿ ನಾಲ್ಕೈದು ಲಾರಿ ಸಾಲಾಗಿ ನಿಂತಿದ್ದವು. ಒಳಗೆ ಎಷ್ಟು ದೂರ ಅಂತ ನಮ್ಮ ಡ್ರೈವರ್‌ನ ಕೇಳಿದೆ. ಅವನು ನಕ್ಕು ಹೇಳಿದ, "ಸರಿಯಾಗಿ ಐನೂರು ಮೀಟರು ಸಾರ್."