ದೀಪ ಹಿಡಿದ ಮಹಿಳೆಯ ಚಿತ್ರ ರವಿವರ್ಮ ಬರೆದದ್ದೇ? ಮನೆಯ ಹಳೆಯ ಪಟಕ್ಕೆ ಲಕ್ಷ ರೂಪಾಯಿ ಸಿಗುತ್ತದೆಯೇ?

ಎನ್. ಬೇಗೂರಿನಲ್ಲಿರುವ ನಮ್ಮ ಅತ್ತೆ ಕಳಿಸಿದ ಫಾರ್ವರ್ಡ್ ಇದು: "ಸೀರೆಯುಟ್ಟ ಹೆಂಗಸಿನ ಹಳೆಯ ಪಟ ನಿಮ್ಮನೇಲಿದ್ಯಾ? ಅದು ರಾಜಾ ರವಿವರ್ಮ ಕೈಯಾರೆ ಬರೆದದ್ದು, ಲಕ್ಷಗಟ್ಟಲೆ ಬೆಲೆ." ಜೊತೆಗೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ 'ದೀಪ ಹಿಡಿದ ಮಹಿಳೆ'ಯ ಫೋಟೊ. ಅತ್ತೆ ಮನೆಯಲ್ಲೂ ಒಂದು ಲಕ್ಷ್ಮಿ ಪಟವಿದೆ. ಅದನ್ನು ಕೊಳ್ಳುತ್ತೇನೆಂದು ಫೋನ್ ಮಾಡಿದವನು ಮೊದಲು 'ಪರೀಕ್ಷೆ ಶುಲ್ಕ' ಕಳಿಸಿ ಎಂದಿದ್ದನಂತೆ.

ಮೊದಲಿಗೆ ಫೋಟೊ ವಿಷಯ. ದೀಪದ ಚಿತ್ರ ರವಿವರ್ಮನದ್ದಲ್ಲ. ಎಸ್.ಎಲ್. ಹಳದಣಕರ್ 1945-46ರಲ್ಲಿ ತಮ್ಮ ಮಗಳನ್ನೇ ನಿಲ್ಲಿಸಿ ಬರೆದ ಜಲವರ್ಣ ಅದು. ರವಿವರ್ಮ ತೀರಿಕೊಂಡದ್ದು 1906ರಲ್ಲಿ! ಅವನದೇ ಚಿತ್ರ ನೋಡಬೇಕೆಂದರೆ ಅದೇ ಅರಮನೆಯಲ್ಲಿ 1889ರ ತೈಲವರ್ಣವಿದೆ: ಬೇರೆ ಬೇರೆ ಪ್ರಾಂತ್ಯದ ಉಡುಗೆ ತೊಟ್ಟ ಹನ್ನೊಂದು ಮಂದಿ ಸಂಗೀತಗಾರ್ತಿಯರು. ಒಬ್ಬೊಬ್ಬರ ಸೀರೆ, ಒಡವೆ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಹಾಗಾದರೆ ಮನೆಮನೆಯ ಪಟಗಳು? ಅವು ಅಚ್ಚಾದವು. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದ. ಆಮೇಲೆ ಅದು ಲೋಣಾವಳಾ ಹತ್ತಿರದ ಮಳವಲಿಗೆ ಹೋಯಿತು. ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡುತ್ತಾರೆ. ಎಣ್ಣೆ ನೀರು ಬೆರೆಯುವುದಿಲ್ಲವಲ್ಲ, ಅಚ್ಚಿನ ಶಾಯಿ ಜಿಡ್ಡಿದ್ದ ಕಡೆ ಮಾತ್ರ ಅಂಟುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ತೈಲಚಿತ್ರದಂತೆ ಕಾಣಲೆಂದು ಕೆಲವಕ್ಕೆ ಮೇಲೆ ವಾರ್ನಿಷ್ ಹಚ್ಚುತ್ತಿದ್ದರು. ಪ್ರೆಸ್ಸನ್ನು ಮುಂದೆ ಜರ್ಮನಿಯ ಫ್ರಿಟ್ಜ್ ಶ್ಲೈಖರ್ ಕೊಂಡರು. ರವಿವರ್ಮ ತೀರಿಕೊಂಡ ಮೇಲೂ ಅದು ನಡೆಯಿತು. ಆದ್ದರಿಂದ ಕೆಳಗೆ 'ರವಿವರ್ಮ ಪ್ರೆಸ್' ಎಂದಿದ್ದರೂ ಅವನೇ ಬರೆದ ಎನ್ನಲಾಗದು.

ಭೂತಗನ್ನಡಿ ಹಿಡಿದು ನೋಡಿ. ಹಳೆಯ ಕಲ್ಲಚ್ಚಿನಲ್ಲಿ ಚುಕ್ಕಿಗಳು ಅಡ್ಡಾದಿಡ್ಡಿ ಇರುತ್ತವೆ. ಈಚಿನ ಆಫ್‌ಸೆಟ್ ಅಚ್ಚಿನಲ್ಲಿ ಅಳತೆ ಹಿಡಿದಂತೆ ಸಾಲಾಗಿ. ಹಳೆಯ ಅಚ್ಚನ್ನು ಕೊಳ್ಳುವ ಸಂಗ್ರಾಹಕರು ಇದ್ದಾರೆ ನಿಜ, ಆದರೆ ಅದರ ಬೆಲೆಗೂ ಮೂಲ ತೈಲಚಿತ್ರದ ಬೆಲೆಗೂ ಎಲ್ಲಿಯ ಹೋಲಿಕೆ. ರವಿವರ್ಮನ ಕೃತಿಗಳನ್ನು 1979ರಲ್ಲೇ ಕಲಾ ಸಂಪತ್ತು ಎಂದು ಘೋಷಿಸಲಾಗಿದೆ, ಹೊರದೇಶಕ್ಕೆ ಸಾಗಿಸುವಂತಿಲ್ಲ. "ಫಾರಿನ್ ಪಾರ್ಟಿ ಇದೆ" ಎಂದವರನ್ನು ನಂಬಬೇಡಿ.

ಅತ್ತೆಯ ಲಕ್ಷ್ಮಿಯಲ್ಲಿ ಚುಕ್ಕಿಗಳು ಸಾಲಾಗಿಯೇ ಇದ್ದವು. ಶುಲ್ಕ ಕಳಿಸಲಿಲ್ಲ, ಪಟ ದೇವರ ಗೂಡಿನ ಮೇಲೆಯೇ ಇದೆ.