ಕೇಪಿನ ಕೋವಿಯ ನಳಿಗೆ

ಕೋವಿಯ ವಿಷಯ ಹೆಂಗಸರಿಗೇಕೆ ಎಂದು ನೀವು ಹುಬ್ಬೇರಿಸಬಹುದು. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ, ಘಟ್ಟದ ಬುಡದ ಬೇಸಾಯದ ಮನೆಗಳಲ್ಲಿ ಬೆಳೆದವರಿಗೆ ಅದು ದೂರದ ವಸ್ತುವಲ್ಲ. ಅಟ್ಟದ ಮೇಲೆ ಅಕ್ಕಿಮುಡಿ, ಉಪ್ಪಿನಕಾಯಿ ಜಾಡಿಗಳಿದ್ದಂತೆ ಮೂಲೆಯಲ್ಲಿ ಒಂದು ಕೇಪಿನ ಕೋವಿ. ಆಯುಧಪೂಜೆಯ ದಿನ ಕತ್ತಿ, ನೇಗಿಲುಗಳ ಸಾಲಿನಲ್ಲಿ ಅದಕ್ಕೂ ಕುಂಕುಮ, ಹೂವು.

ಇದು ಬಾಯಿಯಿಂದ ತುಂಬುವ ಕೋವಿ. ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ ಗಜದಿಂದ ಜಡಿಯಬೇಕು. ಆಮೇಲೆ ಹಿಂದುಗಡೆ ಒಂದು ಪುಟ್ಟ ತಾಮ್ರದ ಟೋಪಿ, ಅದೇ ಕೇಪು. ಒಂದು ಈಡು ಹೊಡೆದರೆ ಇನ್ನೊಂದಕ್ಕೆ ಪುನಃ ಇಷ್ಟೆಲ್ಲ ಆಗಬೇಕು. ಅಷ್ಟರಲ್ಲಿ ಹಂದಿ ಗದ್ದೆಯನ್ನು ಮುಗಿಸಿ ಹಾಡಿ ಸೇರಿರುತ್ತದೆ.

ನಮ್ಮ ಅಜ್ಜಯ್ಯ ಕೋವಿ ಕೊಳ್ಳಲು ಹೋದ ಕಥೆಯನ್ನು ಅಜ್ಜಿ ಹೇಳುವುದಿತ್ತು. ಕೋವಿಯ ಮರ ಮುರಿದರೆ ಹೊಸತು ಮಾಡಿಸಬಹುದು, ಕುದುರೆ ಸವೆದರೆ ಬದಲಾಯಿಸಬಹುದು. ನಳಿಗೆ ಕೆಟ್ಟರೆ ಕೋವಿಯೇ ಹೋದಂತೆ. ಹಾಗಾಗಿ ಅಜ್ಜಯ್ಯ ಅಂಗಡಿಯಲ್ಲಿ ಒಂದೊಂದೇ ನಳಿಗೆಯನ್ನು ಬೆಳಕಿಗೆ ಹಿಡಿದು, ಒಳಗೆ ನೆರಳು ಎಲ್ಲಿಯಾದರೂ ಸೊಟ್ಟಗಾಗುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರಂತೆ. ಬುಡ ದಪ್ಪಗಿದೆಯೇ ಎಂದು ಮುಟ್ಟಿ ನೋಡಿದರಂತೆ. ಮದ್ದು ಸಿಡಿಯುವುದು ಅಲ್ಲಿಯೇ, ತುಂಬುವವನ ಜೀವ ಇರುವುದೂ ಅಲ್ಲಿಯೇ. ಅರ್ಧ ದಿನ ಹೀಗೆ ಕಳೆಯಿತು. ಇದನ್ನು ಹೇಳುವಾಗಲೆಲ್ಲ ಅಜ್ಜಿ, "ನನ್ನ್ ಕಾಂಬುಕ್ ಬಂದಾಗ ಇಷ್ಟ್ ಹೊತ್ ಕಂಡದ್ದಿಲ್ಲ" ಎಂದು ನಗುತ್ತಿದ್ದರು.

ನಳಿಗೆಯ ಅಗಲಕ್ಕೊಂದು ವಿಚಿತ್ರ ಲೆಕ್ಕವಿದೆ. 12 ಬೋರು ಎಂದರೆ ಒಂದು ಪೌಂಡು ಸೀಸವನ್ನು 12 ಸಮ ಗುಂಡುಗಳಾಗಿ ಮಾಡಿದಾಗ ಒಂದು ಗುಂಡು ಹಿಡಿಸುವಷ್ಟು ಅಗಲ; ಮುಕ್ಕಾಲು ಇಂಚಿಗೆ ತುಸು ಕಡಿಮೆ. 20 ಬೋರಿನದು ಅದಕ್ಕಿಂತ ಸಪೂರ. ನಾವು ಸೀರೆ ಕೊಳ್ಳುವಾಗ ಕೇಳುವ ನೂಲಿನ ನಂಬರಿನ ಹಾಗೆಯೇ, ನಂಬರು ಹೆಚ್ಚಿದಷ್ಟೂ ಎಳೆ ಸಣ್ಣದು. ಉದ್ದದ ವಿಷಯದಲ್ಲಿಯೂ ಯೋಚನೆ ಬೇಕು. ಕರಿಮದ್ದು ಪೂರ್ತಿ ಉರಿಯಲು ನಳಿಗೆ ಸ್ವಲ್ಪ ಉದ್ದವಿರಬೇಕು. ತೀರ ಉದ್ದವಾದರೆ ಹಾಡಿಯ ಬಳ್ಳಿಗಳಿಗೆ ಸಿಕ್ಕಿಕೊಳ್ಳುತ್ತದೆ.

ಆದರೆ ಅಜ್ಜಯ್ಯ ಇಷ್ಟೆಲ್ಲ ಅಳೆದು ತೂಗಿದರೂ, ಮುಖ್ಯವಾದ ಆಯ್ಕೆಯನ್ನು ಅವರಿಗಿಂತ ಮೊದಲೇ ಬೇರೆಯವರು ಮಾಡಿ ಮುಗಿಸಿದ್ದರು ಎಂಬುದು ನನಗೆ ಹೊಳೆದದ್ದು ಚರಿತ್ರೆಯನ್ನು ಓದುವಾಗ.

1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಪಡೆ ಕುಂದಾಪುರವನ್ನು ಹಿಡಿದು, ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ ಹೋಯಿತು. ಕೆಲವೇ ತಿಂಗಳಲ್ಲಿ ಟಿಪ್ಪು ಬಿದನೂರನ್ನು ಮರಳಿ ಪಡೆದ. ಆ ಬಿದನೂರು, ಅಂದರೆ ಈಗಿನ ಹೊಸನಗರ ತಾಲೂಕಿನ ನಗರ, ಟಿಪ್ಪುವಿನ ಕಾಲದಲ್ಲಿ ಕೋವಿಗಳನ್ನು ತಯಾರಿಸುವ ಊರಾಗಿತ್ತು. 2018ರಲ್ಲಿ ಅಲ್ಲಿನ ಹಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಆ ಯುದ್ಧದಲ್ಲಿ ಎರಡೂ ಕಡೆಯ ಸಿಪಾಯಿಗಳ ಹೆಗಲ ಮೇಲಿದ್ದದ್ದು ಬಹುಮಟ್ಟಿಗೆ ಒಂದೇ ಬಗೆಯ ಕೋವಿ: ಬಾಯಿಯಿಂದ ತುಂಬುವ, ಒಳಗೆ ನುಣುಪಾದ ನಳಿಗೆಯದು. ಕಂಪೆನಿ ಸರಕಾರ ಇಂಡಿಯಾಕ್ಕೆಂದು ಮಾಡಿಸಿದ ಕೋವಿಯ ನಳಿಗೆ 39 ಇಂಚು. ಅದು ಅಗ್ಗವೆಂದು ಕೊನೆಗೆ ಇಂಗ್ಲೆಂಡಿನ ಸೈನ್ಯವೂ ಅದನ್ನೇ ಒಪ್ಪಿಕೊಂಡಿತು. ಆಗ ದೊರೆಯ ಕೋವಿಗೂ ರೈತನ ಕೋವಿಗೂ ಹೆಚ್ಚಿನ ಅಂತರವಿರಲಿಲ್ಲ.

ಅಂತರ ಬಂದದ್ದು ನಳಿಗೆಯ ಒಳಗೆ. 1853ರ ಎನ್‌ಫೀಲ್ಡ್ ಕೋವಿಯ ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದಿತ್ತು. ಗುಂಡು ಗಿರಗಿರನೆ ತಿರುಗುತ್ತ ದೂರಕ್ಕೆ, ನೇರಕ್ಕೆ ಹೋಗುತ್ತಿತ್ತು. ಈ ಕೋವಿಯ ತೋಟೆಗೆ ಸವರಿದ ಕೊಬ್ಬಿನ ಸುದ್ದಿಯಿಂದ 1857ರ ದಂಗೆಯ ಕಿಡಿ ಹಾರಿದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಶಾಲೆಯಲ್ಲಿ ಹೇಳದ ಸಂಗತಿ ಇನ್ನೊಂದಿದೆ. ದಂಗೆ ಅಡಗಿದ ಮೇಲೆ ಇಂಗ್ಲಿಷರು ನಮ್ಮ ಸಿಪಾಯಿಗಳಿಗೆಂದು ಅದೇ ರೂಪದ, ಆದರೆ ಗೀರುಗಳಿಲ್ಲದ ನಳಿಗೆಯ ಕೋವಿಗಳನ್ನು ಮಾಡಿಸಿಕೊಟ್ಟರು. ಹೊರಗಿನಿಂದ ನೋಡಿದರೆ ಎನ್‌ಫೀಲ್ಡೇ. ಒಳಗೆ ಹಳೆಯ ಕಾಲದ್ದು. ಇವರ ಗುಂಡು ನಮ್ಮ ಗುಂಡಿನಷ್ಟು ದೂರ ಹೋಗಬಾರದು ಎಂಬುದೇ ಅದರ ಅರ್ಥ. ಜತೆಯಲ್ಲಿ ನಿಂತು ಯುದ್ಧ ಮಾಡುವವರ ಮೇಲೆ ಇಷ್ಟು ಗುಮಾನಿ!

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದಾಗ ನಮ್ಮ ಕುಂದಾಪುರ ತಾಲೂಕು ದಕ್ಷಿಣ ಕನ್ನಡದೊಂದಿಗೆ ಮದರಾಸಿನಲ್ಲಿ ಉಳಿಯಿತು. 1878ರಲ್ಲಿ ಆಯುಧ ಕಾಯ್ದೆ ಬಂತು. ಬಿಳಿಯರಿಗೆ ರಿಯಾಯಿತಿ, ಕೊಡಗಿನವರಿಗೆ ರಿಯಾಯಿತಿ. ಗದ್ದೆ ಕಾಯುವ ನಮ್ಮ ರೈತನಿಗೆ ಮಾತ್ರ ಪರವಾನಿಗೆ ಬೇಕು.

ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಹೊಸ ಕಾಯ್ದೆಯಾಯಿತು. ರಕ್ಷಣೆಗೋ ಬೇಟೆಗೋ ಆದರೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ. ಬೆಳೆ ಕಾಯಲು ಬಾಯಿಯಿಂದ ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆಯದು. 20 ಇಂಚು ಎಂದರೆ ಒಂದು ಮೊಳಕ್ಕಿಂತ ತುಸು ಹೆಚ್ಚು. ಗಿಡ್ಡ ನಳಿಗೆಯಾದರೆ ಅಂಗಿಯೊಳಗೆ ಅಡಗಿಸಬಹುದಲ್ಲ! ಸೈನ್ಯಗಳು ಗಜವನ್ನು ಕೈಬಿಟ್ಟು ತಲೆಮಾರುಗಳೇ ಕಳೆದಿದ್ದರೂ ರೈತನ ಕೈಯಲ್ಲಿ ಅದು ಉಳಿದದ್ದು ಅವನ ಹಳೆ ಪ್ರೀತಿಯಿಂದಲ್ಲ. ಯಾರೂ ಕೋವಿಯನ್ನು ಮನಸ್ಸಿಗೆ ಬಂದಂತೆ ಇಟ್ಟುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಕಳ್ಳತನದಲ್ಲಿ ಮಾಡಿದ ನಾಡಕೋವಿ ಸಿಡಿದು ಆಗುವ ಅನಾಹುತಗಳನ್ನು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಆದರೆ ರೈತನ ಕೋವಿ ಎಷ್ಟು ನಿಧಾನವಿರಬೇಕೆಂದು ಸರಕಾರ ಗೊತ್ತುಮಾಡಿತು. ಹಂದಿಗೆ ಅದನ್ನು ಹೇಳುವವರಿರಲಿಲ್ಲ.

1972ರಲ್ಲಿ ವನ್ಯಜೀವಿ ಕಾಯ್ದೆ, 1974ರಲ್ಲಿ ಕೊಲ್ಲೂರಿನ ಸುತ್ತ ಮೂಕಾಂಬಿಕಾ ಅಭಯಾರಣ್ಯ ಬಂದವು. ಅನುಮತಿಯಿಲ್ಲದೆ ಹಂದಿಗೆ ಈಡು ಹೊಡೆಯುವಂತಿಲ್ಲ. ಕೋವಿಗೆ ಸದ್ದು ಮಾಡಿ ಹೆದರಿಸುವ ಕೆಲಸವಷ್ಟೇ ಉಳಿಯಿತು. ಚುನಾವಣೆ ಬಂದರೆ ಅದೂ ಇಲ್ಲ. ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು.

ಇನ್ನು ಅಟ್ಟದ ಕೆಳಗಿನ ಕಥೆ. ಕರಿಮದ್ದಿನ ಮಸಿ ನೀರಿನ ಪಸೆ ಎಳೆದುಕೊಳ್ಳುತ್ತದೆ. ನಮ್ಮ ಮಳೆ, ಸಮುದ್ರದ ಉಪ್ಪುಗಾಳಿ ಎರಡೂ ಸೇರಿದರೆ ನಳಿಗೆ ತುಕ್ಕು ಹಿಡಿಯಲು ತಡವಿಲ್ಲ. ಮಸಿ ಕರಗುವುದು ಬಿಸಿನೀರಿಗೆ. ಬಿಸಿನೀರು ಬಚ್ಚಲ ಹಂಡೆಯಲ್ಲಿ. ಹಂಡೆ ಅಜ್ಜಿಯ ವಶದಲ್ಲಿ. ಅಜ್ಜಯ್ಯ ನಳಿಗೆ ಹಿಡಿದು ನಿಂತರೆ ಅಜ್ಜಿ ಚೊಂಬಿನಿಂದ ನೀರು ಹೊಯ್ಯಬೇಕು. ಒರೆಸಲು ಹಳೆ ಸೀರೆಯ ಚೂರು, ಸವರಲು ತೆಂಗಿನೆಣ್ಣೆ, ಎಲ್ಲ ಅವರದೇ. ಅಜ್ಜಯ್ಯ ಊರಲ್ಲಿಲ್ಲದಾಗ ಈ ಕೆಲಸವನ್ನು ಅಜ್ಜಿ ಒಬ್ಬರೇ ಮಾಡಿದ್ದೂ ಇತ್ತು. ಆ ನಳಿಗೆ ಅಷ್ಟು ವರ್ಷ ಉಳಿದದ್ದು ಆರಿಸಿದವರ ಕಣ್ಣಿನಿಂದಲೋ ತೊಳೆದವರ ಕೈಯಿಂದಲೋ ಹೇಳುವುದು ಕಷ್ಟ.

ಅಜ್ಜಯ್ಯ ತೀರಿಕೊಂಡ ಮೇಲೆ ಪರವಾನಿಗೆ ಯಾರ ಹೆಸರಿಗೆ ಎಂಬ ಮಾತು ಬಂತು. ಒಬ್ಬ ಮಾವ ಬೆಂಗಳೂರಲ್ಲಿ, ಇನ್ನೊಬ್ಬರು ಮುಂಬಯಿಯಲ್ಲಿ. ಇಬ್ಬರಿಗೂ ಬೇಡವೆಂದಾಯಿತು, ಕೋವಿ ಸರಕಾರಕ್ಕೆ ಹೋಯಿತು. ಗದ್ದೆಯೂ ಅಜ್ಜಿಯೂ ಊರಿನಲ್ಲೇ ಉಳಿದರು. ಹೆಂಗಸಿಗೆ ಪರವಾನಿಗೆ ಕೊಡಬಾರದೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಅಜ್ಜಿಯ ಹೆಸರಿಗೆ ಅರ್ಜಿ ಹಾಕಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಅಷ್ಟೆ. ಇಂಗ್ಲಿಷರು ಸಿಪಾಯಿಯನ್ನು ನಂಬಲಿಲ್ಲ, ಸರಕಾರ ರೈತನನ್ನು ಪೂರ್ತಿ ನಂಬಲಿಲ್ಲ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಆ ವರ್ಷ ಹಂದಿ ಬಂದ ರಾತ್ರಿಗಳಲ್ಲಿ ಅಜ್ಜಿ ಅಂಗಳದಲ್ಲಿ ನಿಂತು ಡಬ್ಬಿ ಬಡಿಯುತ್ತಿದ್ದರು.