ಅಬ್ಬಿಯ ನೀರು, ಬಾವಿಯ ನೀರು

ಯಲ್ಲಾಪುರ ಸೀಮೆಯ ವಜ್ರಳ್ಳಿಯಂತಹ ಊರುಗಳಲ್ಲಿ, ಬೆಟ್ಟದ ಮಗ್ಗುಲಲ್ಲಿ ಜಿನುಗುವ ಒರತೆಯನ್ನು ಅಡಕೆಮರದ ದಂಬೆಯಲ್ಲಿ ಹರಿಯಿಸಿ ಮನೆಬಾಗಿಲಿಗೆ ತಂದುಕೊಂಡ ಅಬ್ಬಿಯ ನೀರು ಮೇಲೋ, ತೋಟದಂಚಿನ ಬಾವಿಯ ನೀರು ಮೇಲೋ ಎಂಬ ವಿವಾದಕ್ಕೆ ಬಹುಕಾಲ ನಾಲಗೆಯೇ ನ್ಯಾಯಾಧೀಶನ ಪೀಠದಲ್ಲಿತ್ತು. ಬೇಳೆ ಬೇಗ ಬೆಂದಿತೇ, ಹಂಡೆಯ ತಳದಲ್ಲಿ ಕರೆ ಕಟ್ಟಿತೇ ಎಂಬಿವು ಸಾಕ್ಷಿಗಳಾಗಿದ್ದುವು. ಈ ನ್ಯಾಯವನ್ನು ನಾನು ಹಳಿಯಲಾರೆ. ಗಡಸು ನೀರನ್ನು ಅದು ಚೆನ್ನಾಗಿಯೇ ಗುರುತಿಸುತ್ತಿತ್ತು. ಆದರೆ ಇಪ್ಪತ್ತನೆಯ ಶತಮಾನದಲ್ಲಿ, ನಾಲಗೆಗೆ ನಿಲುಕದಷ್ಟು ಸೂಕ್ಷ್ಮವಾಗಿ ನೀರಿನಲ್ಲಿ ಬೆರೆಯಬಲ್ಲ ವಸ್ತುವೊಂದು ತೋಟವನ್ನು ಹೊಕ್ಕಿತು.

ಅದು ಮೈಲುತುತ್ತು, ಎಂದರೆ ತಾಮ್ರದ ಸಲ್ಫೇಟ್. ಹಿಂದೆ ಅಡಕೆಯ ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿ, ಕಾಯಿಗಳನ್ನು ಕೊಳೆಸುವ ಕೊಳೆರೋಗವನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದ ಮೇಲೆ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರಿಂದ ಹೆಸರಾದ ಬೋರ್ಡೋ ದ್ರಾವಣವು ಅಡಕೆಯ ಮದ್ದಾಯಿತು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡಕ್ಕೂ ಕಾಲಕ್ರಮದಲ್ಲಿ ಹಬ್ಬಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅದಕ್ಕೆ ಸಮನಾಗಿ ಸುಣ್ಣ. ಸಿಂಪಡಿಸಿದುದರಲ್ಲಿ ಕೊಂಚ ಮಳೆಗೆ ತೊಳೆದು ನೆಲಕ್ಕಿಳಿಯುತ್ತದೆ. ತಾಮ್ರವನ್ನು ಮಣ್ಣು ಬಹುಮಟ್ಟಿಗೆ ಹಿಡಿದಿಡುವುದಾದರೂ, ಉಳಿದುದು ಬಾವಿಯನ್ನು ಮುಟ್ಟುವುದೇ?

ಇದನ್ನು ನಾಲಗೆ ಹೇಳಲಾರದು; ಅಳತೆಯೂ ಲೆಕ್ಕವೂ ಬೇಕು. ಕೋಲ್ಮನ್ ಬಂದ ವರ್ಷವೇ, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್, ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ, ಕೆಲವೇ ಮಾದರಿಗಳಿಂದ ನಿರ್ಣಯಕ್ಕೆ ಬರುವ ಗಣಿತವನ್ನು ಪ್ರಕಟಿಸಿದನು. ನಮ್ಮ ಶಾಸ್ತ್ರಕಾರರಂತೆ ಈ ವಿಧಾನವೂ ಪೂರ್ವಪಕ್ಷದಿಂದಲೇ ಆರಂಭವಾಗುತ್ತದೆ: ಎರಡು ನೀರಿಗೂ ಭೇದವಿಲ್ಲ ಎಂದಿಟ್ಟುಕೊಳ್ಳುವುದು. ಹತ್ತು ಮನೆಗಳಲ್ಲಿ ಒಂದೇ ದಿನ ಅಬ್ಬಿಯಿಂದಲೂ ಬಾವಿಯಿಂದಲೂ ನೀರು ತುಂಬಿಸಿ, ಮನೆಮನೆಯ ತಾಮ್ರದ ಅಂತರವನ್ನು ಬರೆದು, ಆ ಅಂತರಗಳ ಸರಾಸರಿಯನ್ನು ಅವುಗಳ ಏರಿಳಿತದಿಂದಲೇ ಲೆಕ್ಕಹಾಕಿದ ಪ್ರಮಾಣದೋಷದಿಂದ ಭಾಗಿಸಬೇಕು. ಬಂದ ಸಂಖ್ಯೆ, ಧನವಾಗಲಿ ಋಣವಾಗಲಿ, ಹತ್ತು ಜೋಡಿಗಳಿಗೆ ಕೋಷ್ಟಕವು ಕೊಡುವ 2.262ನ್ನು ಮೀರಿದರೆ, ಶೇಕಡಾ 5ರ ಮಟ್ಟದಲ್ಲಿ ಪೂರ್ವಪಕ್ಷವನ್ನು ಬಿಡುತ್ತೇವೆ. ಮೀರದಿದ್ದರೆ ನೀರೆರಡೂ ಒಂದೇ ಎಂದು ಸಿದ್ಧವಾಗುವುದಿಲ್ಲ. ಭೇದಕ್ಕೆ ಸಾಕ್ಷಿ ಸಾಲದಾಯಿತು, ಅಷ್ಟೆ. ಜಗಲಿಯ ವಾದಿಗಳಿಗೆ ಈ ಸಂಯಮ ರುಚಿಸುವುದು ಕಷ್ಟ.

ಭೇದ ಕಂಡಿತೆಂದು ಬೆದರಲೂ ಕಾರಣವಿಲ್ಲ. ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ತಾಮ್ರವನ್ನು ಸ್ವೀಕಾರ್ಯವೆಂದೂ, ಬೇರೆ ಮೂಲವಿಲ್ಲದಾಗ 1.5ರವರೆಗೆ ಸಹ್ಯವೆಂದೂ ಹೇಳುತ್ತದೆ. ಬಾವಿಯ ತಾಮ್ರವು ಅಬ್ಬಿಯದರ ಇಮ್ಮಡಿಯಾಗಿಯೂ ಈ ಮಿತಿಯೊಳಗೇ ಇರಬಹುದು. ಹೆಚ್ಚೆಂಬುದು ಬೇರೆ, ಹಾನಿಯೆಂಬುದು ಬೇರೆ. ಆಷಾಢದ ಬಾವಿಯನ್ನು ಮಾಘದ ಅಬ್ಬಿಯೊಡನೆ ಹೋಲಿಸಿದರಂತೂ ತಿಳಿಯುವುದು ಋತುಭೇದವೋ ಜಲಭೇದವೋ ಹೇಳಲಾಗದು. ಆದುದರಿಂದ ಪರೀಕ್ಷೆಗೆ ನೀರು ಕಳಿಸುವವರು ಸೀಸೆಯ ಮೇಲೆ ಮೂಲವನ್ನೂ ತಾರೀಖನ್ನೂ, ತೋಟಕ್ಕೆ ಮದ್ದು ಹೊಡೆದ ದಿನವನ್ನೂ ಮರೆಯದೆ ಬರೆಯಲಿ.